ಬೆಕ್ಕಿಲ್ಲದ ಮನೆಯ ಕೂಪನ್ನು

ಕೂಪನ್ ಹಿಡಿದು ಅಂಗಡಿಗೆ ಹೋಗುವವರ ಬಗ್ಗೆ ನನಗೊಂದು ಅಭಿಪ್ರಾಯವಿತ್ತು. ಅದನ್ನು ಪಕ್ಕದ ಫ್ಲ್ಯಾಟಿನ ಸುಬೈದಾಳಿಗೆ ಬಾಗಿಲಲ್ಲಿ ನಿಂತು ವಿವರವಾಗಿ ಹೇಳಿಯೂ ಇದ್ದೆ. ನನ್ನ ಗಂಡ ತಿರುಮಲೇಶರಿಗೆ ದೋಹಾದ ಆಚೆ ಮೆಸಯೀದ್‌ನ ಪ್ಲಾಂಟಿನಲ್ಲಿ ಬಡ್ತಿ ಸಿಕ್ಕಿದ ವಾರ ಅದು. ಅವರು ಎಂದಿನಂತೆ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿ ಬರುತ್ತಿದ್ದರು. ಬಡ್ತಿ ತಲೆಗೇರಿದ್ದು ನನಗೆ. ಅಂಥ ಹೊತ್ತಿನಲ್ಲಿ ಸುಬೈದಾ ಪೇಪರಿನಿಂದ ಕತ್ತರಿಸಿದ ಎಣ್ಣೆಯ ಕೂಪನ್ನೊಂದನ್ನು ನನಗೂ ಇರಲಿ ಎಂದು ತಂದಿದ್ದಳು.

"ಅದೆಲ್ಲ ನಮಗೆ ಬೇಡ ಸುಬೈದಾ," ಎಂದೆ. "ಈ ತುಂಡು ಕಾಗದ ಹಿಡ್ಕೊಂಡು ಕೌಂಟರಿನಲ್ಲಿ ನಿಲ್ಲಿಕ್ಕೆ ನನಗೆ ಒಂಥರಾ ಆಗ್ತದೆ. ನಮ್ಮ ಸ್ಟ್ಯಾಂಡರ್ಡಿಗೆ ಅದು ಸರಿ ಹೋಗುದಿಲ್ಲ."

"ಆಯ್ತು ಲಲಿತಕ್ಕ," ಎಂದಳು. ಬಂಟ್ವಾಳದ ಕಡೆಯವಳು, ಎದುರು ಮಾತಾಡಿ ಗೊತ್ತಿಲ್ಲ. ಕೂಪನ್ ಮಡಚಿಕೊಂಡು ಹೋಗುವಾಗ ಅವಳ ಮುಖ ಸಣ್ಣದಾಗಿತ್ತು. ಅದು ನನಗೆ ಕಂಡಿತು. ಕಂಡೂ ಬಾಗಿಲು ಹಾಕಿಕೊಂಡೆ. ಒಳಗೆ ಹೋಗಿ ನಮ್ಮ ಮನೆಯ ಪೇಪರು ಬಿಡಿಸಿ, ಅದೇ ಎಣ್ಣೆಯ ಕೂಪನ್ನನ್ನು ಕತ್ತರಿಸಿಟ್ಟೆ.

ಏನು ಮಾಡುವುದು, ಹುಟ್ಟುಗುಣ ಸುಟ್ಟರೂ ಹೋಗದು. ಒಂದಕ್ಕೆ ಒಂದು ಫ್ರೀ ಎಂದು ಕಂಡರೆ ನನ್ನ ಕತ್ತರಿ ತಾನಾಗಿ ಎದ್ದು ಬರುತ್ತದೆ. ಹಿಂದಿನ ಸಲ ಬೆಕ್ಕಿನ ತಿಂಡಿಯ ಕೂಪನ್ನನ್ನೂ ಕತ್ತರಿಸಿದ್ದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಕೂಪನ್ ಇತ್ತಲ್ಲ!

ತೊಂದರೆ ಇದ್ದದ್ದು ಎಡ್ನಾಳದು. ಅಲ್ ಮನ್ಸೂರಾದ ನಮ್ಮ ಬಿಲ್ಡಿಂಗಿಗೆ ಹತ್ತಿರದ ಸೂಪರ್‌ಮಾರ್ಕೆಟಿನಲ್ಲಿ ಅವಳು ಕ್ಯಾಷಿಯರ್. ಮಂಗಳೂರಿನವಳು, ಬಂಗಾರದಂಥ ಹುಡುಗಿ, ಆದರೆ ಗಂಟಲು ಮಾತ್ರ ದೇವರು ಕೊಟ್ಟ ಮೈಕು. "ಲಲಿತಕ್ಕಾ, ಕೂಪನ್ ತಂದಿದ್ದೀರಾ?" ಎಂದು ಅವಳು ಕೇಳಿದರೆ ಮೀನಿನ ಕೌಂಟರಿನವನಿಗೂ ಕೇಳಿಸುತ್ತದೆ. ಸುಬೈದಾ ಕೂಡ ಅಲ್ಲೇ ಸಾಮಾನು ತರುವವಳು. ಅವಳ ಕಿವಿಗೆ ಬಿದ್ದರೆ ನಾನು ಮತ್ತೆ ಯಾವ ಮುಖ ಹೊತ್ತು ಆ ಕಾರಿಡಾರಿನಲ್ಲಿ ಓಡಾಡಲಿ?

ಹೀಗಿರುವಾಗ ಅಂಗಡಿಯವರು ಪರೀಕ್ಷೆಗೆಂದು ಹೊಸ ಮಿಷಿನ್ ತಂದಿಟ್ಟರು. ಸಾಮಾನು ನಾವೇ ತೋರಿಸಿ, ಬಿಲ್ಲು ನಾವೇ ಮಾಡಿ, ದುಡ್ಡು ನಾವೇ ಕಟ್ಟಿ ಹೊರಡುವುದು. ಜನ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ಅದಕ್ಕೆ ಕೈ ಮುಗಿದೆ.

ಮಿಷಿನಿನ ಮುಂದೆ ನಿಂತು ಎಣ್ಣೆ, ಸೋಪಿನ ಪುಡಿ, ಬೆಕ್ಕಿನ ತಿಂಡಿ ಎಲ್ಲ ತೋರಿಸಿದೆ. ಆಚೀಚೆ ನೋಡಿ ಕೂಪನ್‌ಗಳನ್ನೂ ತೋರಿಸಿದೆ. ಕೀ ಕೀ ಎಂದು ಒಪ್ಪಿಕೊಂಡಿತು. ಆಮೇಲೆ ಇಂಗ್ಲಿಷಿನಲ್ಲಿ, ಕೂಪನ್‌ಗಳನ್ನು ಒಳಗೆ ಹಾಕಿ ಎಂದು ಮರ್ಯಾದೆಯಿಂದ ಹೇಳಿತು.

ಇಲ್ಲಿ ಒಂದು ಮಾತು ಹೇಳಬೇಕು. ದೋಹಾದಲ್ಲಿ ಇನ್ನೊಂದು ತರದ ಕೂಪನ್ ಉಂಟು, ಕಾರಿನ ಲಕ್ಕಿ ಡ್ರಾದ್ದು. ಸಾಮಾನು ಕೊಂಡಾಗ ಕೊಡುತ್ತಾರೆ. ಹೆಸರು, ಬಿಲ್ಡಿಂಗು, ಮೊಬೈಲ್ ನಂಬರು ಬರೆದು ಡಬ್ಬಿಗೆ ಹಾಕಬೇಕು. ಇಲ್ಲಿಗೆ ಬಂದ ಲಾಗಾಯ್ತಿನಿಂದ ನಾವೆಲ್ಲ ಬರೆದು ಹಾಕುತ್ತಲೇ ಇದ್ದೇವೆ. ಕಾರು ಯಾವಾಗಲೂ ಬೇರೆ ಯಾರದೋ ಮನೆಗೆ ಹೋಗುತ್ತದೆ. ಆದರೂ ಕೈ ನಿಲ್ಲುವುದಿಲ್ಲ. ನನ್ನ ಪರ್ಸಿನಲ್ಲಿ ದುಡ್ಡಿಲ್ಲದಿದ್ದರೂ ಪೆನ್ನು ಇರುತ್ತದೆ.

ಆ ದಿನ ಮಿಷಿನಿನ ಪಕ್ಕದಲ್ಲೇ ಕೆಂಪು ಕಾರಿನ ಚಿತ್ರ ಅಂಟಿಸಿದ ದೊಡ್ಡ ಗಾಜಿನ ಡಬ್ಬಿ ನಿಂತಿತ್ತು. ಕೂಪನ್ ಹಾಕಿ ಎಂದು ಕಿವಿಗೆ ಬಿದ್ದದ್ದೇ ತಡ, ನನ್ನ ಪೆನ್ನು ಹೊರಗೆ ಬಂತು. ಕೂಪನ್‌ಗಳನ್ನು ಒಂದೊಂದಾಗಿ ತಿರುಗಿಸಿ, ಹಿಂಬದಿಯಲ್ಲಿ ಹೆಸರು, ಬಿಲ್ಡಿಂಗು, ಮೊಬೈಲು ದುಂಡಗೆ ಬರೆದೆ. ಎಲ್ಲವನ್ನೂ ಮಡಚಿ ಗಾಜಿನ ಡಬ್ಬಿಗೆ ಹಾಕಿದೆ. ಮಿಷಿನಿನ ಹೊಟ್ಟೆಯಲ್ಲೇ ಅದಕ್ಕೊಂದು ಸೀಳು ಇತ್ತೆಂದು ನನಗೆ ತಿಳಿದದ್ದು ಆಮೇಲೆ.

ಮಿಷಿನ್ ಮತ್ತೆ ಕೂಪನ್ ಕೇಳಿತು. "ಹಾಕಿದೆನಲ್ಲ ಮಾರಾಯ," ಎಂದೆ. ಅದು ಇನ್ನೂ ಗಟ್ಟಿಯಾಗಿ ಕೇಳಿತು. ತಲೆಯ ಮೇಲೆ ಕೆಂಪು ದೀಪ ಉರಿಯತೊಡಗಿತು. ಎಡ್ನಾ ಓಡಿ ಬಂದಳು. ಅವಳ ಹಿಂದೆ ಟ್ರಾಲಿ ತಳ್ಳುತ್ತ ಸುಬೈದಾ.

"ಎಂತ ಆಯ್ತು ಲಲಿತಕ್ಕ? ಕೂಪನ್ ಕೇಳ್ತಾ ಉಂಟಲ್ಲ ಇದು. ಎಲ್ಲಿ, ಕೊಡಿ ನನಗೆ."

"ಕೂಪನಾ? ನನ್ನತ್ರ ಎಂತ ಕೂಪನ್?" ಎಂದೆ. "ಈ ಮಿಷಿನಿಗೆ ತಲೆ ಸರಿ ಇಲ್ಲ."

"ಅಲ್ಲ, ಸ್ಕ್ಯಾನ್ ಆಗಿದೆ..."

"ಖಲಾಸ್ ಎಡ್ನಾ! ತೆಗೆದು ಬಿಡು ಅದನ್ನು. ಪೂರ್ತಿ ರೇಟು ಹಾಕು."

ಎಡ್ನಾ ತೆಗೆದಳು. ನಾನು ಪೂರ್ತಿ ರೇಟು ಕೊಟ್ಟೆ. ಸುಬೈದಾ ನನ್ನ ಚೀಲ ನೋಡಿದಳು.

"ಬೆಕ್ಕು ತಂದ್ರಾ ಲಲಿತಕ್ಕ?"

"ತರುವ ಅಂತ ಉಂಟು."

ಹೋದದ್ದು ಹೋಯಿತು, ಮಾನ ಉಳಿಯಿತಲ್ಲ ಎಂದು ಮನೆಗೆ ಬಂದೆ. ಕಾರಿಡಾರಿನಲ್ಲಿ ತಲೆ ಎತ್ತಿಯೇ ನಡೆದೆ.

ತಿಂಗಳ ಕೊನೆಯ ಶುಕ್ರವಾರ ಸಂಜೆ ಅಂಗಡಿಯ ಎದುರು ಲಕ್ಕಿ ಡ್ರಾ. ಬಿಲ್ಡಿಂಗಿಗೆ ಬಿಲ್ಡಿಂಗೇ ಅಲ್ಲಿ ನೆರೆದಿತ್ತು. ನಾನೂ ಸುಬೈದಾಳೂ ಅಕ್ಕಪಕ್ಕ ನಿಂತಿದ್ದೆವು. ಸರಕಾರಿ ಅಧಿಕಾರಿಯೊಬ್ಬರ ಎದುರಿನಲ್ಲಿ ಮೈಕಿನವ ಡಬ್ಬಿಯೊಳಗೆ ಕೈ ಹಾಕಿ, ಒಂದು ಕಾಗದ ತೆಗೆದು ಕೂಗಿದ: "ಲಲಿತಾ ತಿರುಮಲೇಶ್! ಅಲ್ ಮನ್ಸೂರಾ!"

ನಾನು ಕಿರುಚಿದೆ. ಸುಬೈದಾ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. "ಯಾ ಅಲ್ಲಾಹ್, ನಮ್ಮ ಲಲಿತಕ್ಕನಿಗೆ ಕಾರು!" ಎಂದು ಅಳುವುದಕ್ಕೇ ಸುರು ಮಾಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಸ್ಟೇಜಿಗೆ ಓಡಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಆ ಕಾರಿನಲ್ಲಿ ಕೂತು ಊರೆಲ್ಲ ಸುತ್ತಿ ಬಂದೂ ಆಗಿತ್ತು.

ಮೈಕಿನವ ಕಾಗದ ತಿರುಗಿಸಿದ. ಅಧಿಕಾರಿಗೆ ತೋರಿಸಿದ. ಅಧಿಕಾರಿ ಅಡ್ಡಡ್ಡ ತಲೆಯಾಡಿಸಿ "ಮಾಫಿ" ಎಂದರು, ಅಂದರೆ ಇಲ್ಲ. ಪುಣ್ಯಾತ್ಮ ಮೈಕನ್ನಾದರೂ ದೂರ ಹಿಡಿಯಬಾರದೇ? "ಮೇಡಂ, ಇದು ಕಾರಿನದ್ದಲ್ಲ," ಎಂದು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. "ಬೆಕ್ಕಿನ ತಿಂಡಿಯ ಕೂಪನ್."

ಜನ ನಕ್ಕರು. ಅವನು ಮತ್ತೆ ಕೈ ಹಾಕಿದ. ನಾನು ಒಟ್ಟಿಗೆ ಹಾಕಿದ್ದು ಒಟ್ಟಿಗೇ ಇತ್ತೆಂದು ಕಾಣುತ್ತದೆ. "ಲಲಿತಾ ತಿರುಮಲೇಶ್! ಅಲ್ ಮನ್..." ಎಂದು ನಿಲ್ಲಿಸಿ, ತಿರುಗಿಸಿ ನೋಡಿದ. "ಇದು ಅಡುಗೆ ಎಣ್ಣೆ."

ಈಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡ್ನಾಳ ನಗು ಬೇರೆಯಾಗಿಯೇ ಕೇಳುತ್ತಿತ್ತು. ನಗದೆ ಇದ್ದವಳು ಸುಬೈದಾ ಒಬ್ಬಳೇ. ಎಣ್ಣೆ ಎಂದದ್ದು ಅವಳಿಗೆ ಚೆನ್ನಾಗಿ ಕೇಳಿಸಿತ್ತು. ಅವಳೂ ನಕ್ಕಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಕೆಳಗಿಳಿದಾಗ ಅವಳು ನನ್ನ ಮೊಣಕೈ ಹಿಡಿದು ಜನರ ನಡುವಿನಿಂದ ಮನೆಯವರೆಗೆ ನಡೆಸಿಕೊಂಡು ಬಂದಳು.

ಮರುದಿನ ಬೆಕ್ಕಿನ ತಿಂಡಿ ಹಿಡಿದುಕೊಂಡು ಅವಳ ಬಾಗಿಲು ತಟ್ಟಿದೆ. ಮೆಟ್ಟಿಲ ಕೆಳಗಿನ ಬೀದಿಬೆಕ್ಕಿಗೆ ದಿನಾ ಮೀನಿನ ತಲೆ ಹಾಕುವವಳು ಅವಳು.

"ಇದು ನಿನ್ನ ಬೆಕ್ಕಿಗೆ," ಎಂದೆ. ಆಮೇಲೆ ಹೇಳಲೇಬೇಕಾದ್ದನ್ನು ಹೇಳಿದೆ: "ಆವತ್ತು ನಾನು ನಿನಗೆ ಹಾಗೆ ಹೇಳಬಾರದಿತ್ತು ಸುಬೈದಾ. ನೀನು ಕೊಟ್ಟದ್ದನ್ನು ಬೇಡ ಅಂದವಳು ಒಳಗೆ ಹೋಗಿ ಅದನ್ನೇ ಕತ್ತರಿಸಿದೆ."

ಸುಬೈದಾ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದೇ ಎಣಿಸಿದೆ. ಹಾಕಿಕೊಂಡಿದ್ದರೂ ಅವಳದು ತಪ್ಪಾಗುತ್ತಿರಲಿಲ್ಲ. ಅವಳು ತಿರುಗಿ ಬಂದಾಗ ಕೈಯಲ್ಲಿ ಆ ವಾರದ ಕೂಪನ್‌ಗಳಿದ್ದವು, ಅಂಚು ಕೂಡ ಸೊಟ್ಟಗಾಗದ ಹಾಗೆ ಕತ್ತರಿಸಿದವು. ನನ್ನ ಅಂಗೈಯಲ್ಲಿಟ್ಟಳು. ನನ್ನ ಕಣ್ಣು ತುಂಬಿ ಬಂತು.

"ತಗೊಳ್ಳಿ ಲಲಿತಕ್ಕ," ಎಂದು ಇನ್ನೊಂದು ಕೈ ಚಾಚಿದಳು. "ಪೆನ್ನು ಮಾತ್ರ ಇಲ್ಲಿ ಕೊಟ್ಟು ಹೋಗಿ."