ಮೀರಾಸಾಬನ ಹಂಡೆ

ಕರ್ನಾಟಕ ಒಂದಾದ ಮರುವರ್ಷದ ಬೇಸಿಗೆಯಲ್ಲಿ, ಬಾಗಲಕೋಟೆಯ ಕಾಶಪ್ಪನವರ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯ ಕಂಪ್ರೆಸರ್ ಒಡೆಯಿತು. ನೀರನ್ನು ಹೆಪ್ಪುಗಟ್ಟಿಸುವ ಕೊಳವೆಗಳಲ್ಲಿ ಕುದ್ದು ಗ್ಯಾಸಾಗಿ ಮರಳಬೇಕಿದ್ದ ಅಮೋನಿಯಾ ದ್ರವವಾಗಿಯೇ ಹಿಂದಕ್ಕೆ ನುಗ್ಗಿತ್ತು. ಗ್ಯಾಸನ್ನಷ್ಟೇ ಒತ್ತಬಲ್ಲ ಪಿಸ್ಟನ್ನಿಗೆ ದ್ರವ ಸಿಕ್ಕಿ ವಾಲ್ವು ಚೂರಾಯಿತು.

ಮುಂಬಯಿಯಿಂದ ಹೊಸ ವಾಲ್ವು ಬಂತು. ಆದರೂ ಯಂತ್ರ ನೋಡಿಕೊಳ್ಳುತ್ತಿದ್ದ ಪಂಢರೀನಾಥರಿಗೆ ಸಮಾಧಾನವಿರಲಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಗೆ ಬಂದು, ಮೀರಾಸಾಬನ ಮುಂದೆ ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದರು.

"ಕಂಪ್ರೆಸರಿಗೆ ಹೋಗೋ ಹಾದ್ಯಾಗ ಇಂಥಾದೊಂದು ಹಂಡೆ ಕೂಡ್ರಸಬೇಕು. ಸಣ್ಣ ಪೈಪಿನಿಂದ ದೊಡ್ಡ ಹಂಡ್ಯಾಗ ಬಂದ ಕೂಡಲೇ ಗ್ಯಾಸಿನ ಓಟ ಕಡಿಮಿ ಆಗ್ತದ. ಹಸಿ ದ್ರವ ತಳಕ್ಕ ಬೀಳ್ತದ, ಒಣಾ ಗ್ಯಾಸು ಮ್ಯಾಲಿಂದ ಹೋಗ್ತದ."

"ತಳಕ್ಕ ಬಿದ್ದದ್ದು ಏನಾಗ್ತೈತ್ರಿ?"

"ಕೆಳಗಿನ ಪೈಪಿನಿಂದ ತಿರುಗಿ ಕೊಳವೀಗೆ."

ಕಾಶಪ್ಪನವರು ಒಪ್ಪಲಿಲ್ಲ. "ಇಲ್ಲಿ ಮಾಡಿದ್ದು ಸೀಳಿತಂದ್ರ ಓಣಿ ತುಂಬ ಅಮೋನಿಯಾ ಆಗ್ತೈತಿ. ಮುಂಬೈಯಿಂದಾನ ತರಸೂಣು."

ಆ ಮಾತು ಮೀರಾಸಾಬನಿಗೆ ನಾಟಿತು. "ಸೀಳಿದ್ರ ಮೊದಲು ನನ್ನ ಮನಿಗೇ ಬರ್ತೈತ್ರಿ, ಸಾವ್ಕಾರ್ರ. ಗ್ವಾಡಿಗೆ ಗ್ವಾಡಿ ಹತ್ತೇತಿ. ಸೀಳೋ ಹಂಗ ಮಾಡಿ ಕೊಡ್ತೇನೇನ್ರಿ?"

ಸಾವ್ಕಾರರ ಒಪ್ಪಿಗೆಗೆ ಕಾಯದೆ ದಪ್ಪ ಉಕ್ಕಿನ ತಗಡು ಬಳಸಿ ಹಂಡೆ ಮಾಡಿದ. ನೀರು ತುಂಬಿ ಪಂಪಿನಿಂದ ಒತ್ತಡ ಹಾಕಿದಾಗ ಬೆಸುಗೆಯಲ್ಲೊಂದು ಹನಿ ಮೂಡಿತು. "ಅಷ್ಟಕ್ಕ ತೇಪಿ ಹಚ್ಚು, ಸಾಕು" ಎಂದರು ಪಂಢರೀನಾಥರು. ಮೀರಾಸಾಬ ಕೇಳಲಿಲ್ಲ. ಆ ಬೆಸುಗೆಯನ್ನು ಪೂರ್ತಿ ಕತ್ತರಿಸಿ ತೆಗೆದು ಮೊದಲಿನಿಂದ ಹಾಕಿದ. ಮರುಪರೀಕ್ಷೆಯಲ್ಲಿ ಹಂಡೆಯ ಹೊರಮೈ ಒಣಗಿಯೇ ಉಳಿಯಿತು. ಆಗ ಕಾಶಪ್ಪನವರೂ ಹೂಂ ಅಂದರು. ಹಂಡೆ ಕಂಪ್ರೆಸರಿನ ಹಾದಿಯಲ್ಲಿ ಕೂತಿತು.

ಕಮತಗಿಯ ದೊಡ್ಡ ಮದುವೆಗೆ ಬರ್ಫು ಬೇಕಾದ ದಿನ ಬರ್ಫು ಕಟ್ಟುವ ಎಲ್ಲ ಡಬ್ಬಿಗಳಿಗೂ ಒಮ್ಮೆಲೇ ಬಿಸಿಲಲ್ಲಿ ಕಾದ ನೀರು ತುಂಬಿದರು. ಕೊಳವೆಯಲ್ಲಿ ಅಮೋನಿಯಾ ಉಕ್ಕಿ ಕುದ್ದು, ಗ್ಯಾಸಿನ ಜೊತೆ ದ್ರವವನ್ನೂ ಎಳೆದೊಯ್ಯಿತು. ಹೋದ ಸಲ ವಾಲ್ವು ಒಡೆದದ್ದೂ ಹೀಗೆಯೇ. ಆಳುಗಳೆಲ್ಲ ಹೊರಗೋಡಿದರು. ಮೀರಾಸಾಬ ಮಾತ್ರ ತನ್ನ ಹಂಡೆಯ ಎದುರೇ ನಿಂತ. ಒಳಗೆ ದ್ರವ ತುಂಬಿದಂತೆ ಹೊರಮೈಯಲ್ಲಿ ತಳದಿಂದ ದಟ್ಟ ಹಿಮ ಏರುತ್ತ ಏರುತ್ತ ಅರ್ಧ ಹೊಟ್ಟೆಗೆ ಬಂದು ನಿಂತಿತು. ಕಂಪ್ರೆಸರ್ ಒಂದೇ ಒಂದು ಬಡಿತವನ್ನೂ ತಪ್ಪಿಸದೆ ಓಡಿತು. ಸ್ವಲ್ಪ ಹೊತ್ತಿಗೆ ಹಿಮ ಕೆಳಗಿಳಿಯಿತು.

"ಎಲ್ಲಾ ನುಂಗಿತಲ್ಲೋ ನಿನ್ನ ಹಂಡೆ!" ಎಂದು ಪಂಢರೀನಾಥರು ಅವನನ್ನು ತಬ್ಬಿಕೊಂಡರು.

ಇಳಕಲ್ಲಿನಲ್ಲಿ ಬರ್ಫಿನ ಕಾರ್ಖಾನೆ ಹಾಕಲಿದ್ದವರು ನೋಡಲು ಬಂದಾಗ, ಕಾಶಪ್ಪನವರು ಮೊದಲು ತೋರಿಸಿದ್ದು ಆ ಹಂಡೆಯನ್ನೇ. "ಮುಂಬೈದಲ್ಲರಿ, ನಮ್ಮ ಮೀರಾಸಾಬ ಮಾಡಿದ್ದು."

ಮೀರಾಸಾಬ ಮನೆಗೆ ಹೋಗಿ ಹೆಂಡತಿ ದೌಲತಬಿಯನ್ನು ಕರೆತಂದ. ಅವಳು ಹಂಡೆಯನ್ನು ಮುಟ್ಟಿ, ಚಳಿಗೆ ಕೈ ಹಿಂದೆಳೆದುಕೊಂಡು ನಕ್ಕಳು.

"ಇಳಕಲ್‌ದವರಿಗೂ ಒಂದು ಬೇಕಂತ" ಎಂದ ಅವನು, ಎದೆಯುಬ್ಬಿಸಿ.