ಹುಳಿ ವಾಸನೆ

ರಾಧಿಕಾಳಿಗೆ ತನ್ನ ಮೂಗಿನ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಅಫಜಲಪುರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ, ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಅವಳು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾಳೆ. ಯಾವುದು ಸುಟ್ಟಿದೆ, ಯಾವುದರೊಳಗೆ ಚಹಾ ಹೋಗಿದೆ ಎಂಬುದನ್ನು ಸ್ಕ್ರೂ ಬಿಚ್ಚುವ ಮೊದಲೇ ಮೂಸಿ ಹೇಳುವವಳು. ಇಂಥವಳ ಗಂಡನಾಗಿ ಶೇಂದಿ ಕುಡಿಯುವುದೆಂದರೆ ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ಕೂತು ಜೇಬು ಕತ್ತರಿಸಿದ ಹಾಗೆ. ದಿಲೀಪ ಆ ಸಾಹಸವನ್ನೂ ಬಹಳ ವರ್ಷ ಮಾಡಿದ. ಕುಡಿದ ರಾತ್ರಿ ತಾನು ಎಲ್ಲಿ ಬಿದ್ದೆ, ಏನಂದೆ ಎಂಬುದು ಬೆಳಗಾದರೆ ಅವನಿಗೇ ನೆನಪಿರುತ್ತಿರಲಿಲ್ಲ. ಹೆಂಡತಿ ಬೈದಾಗಲೇ ತಿಳಿಯುತ್ತಿತ್ತು. ಹೋದ ವರ್ಷ ಗಾಣಗಾಪುರದ ಸಂಗಮದಲ್ಲಿ ಮುಳುಗಿ, ದತ್ತನ ಮೇಲೆ ಆಣೆ ಮಾಡಿ ಕುಡಿತ ಬಿಟ್ಟ.

ಈಗ ಕಬ್ಬಿನ ಹಂಗಾಮು. ರಾತ್ರಿಯೆಲ್ಲ ಹವಳಗಾದ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದು ಬಂದು, ಹಗಲು ಅಂಗಡಿಯಲ್ಲಿ ಹಳೆ ಸೀರೆ ಕಟ್ಟಿದ ಮರೆಯ ಹಿಂದೆ ಮಂಚದ ಮೇಲೆ ಮಲಗುತ್ತಾನೆ. ಆ ಮರೆಯ ಹಿಂದಿನಿಂದಲೇ ವಾಸನೆ ಶುರುವಾಯಿತು. ನಿನ್ನೆಯ ಶೇಂದಿ ಉಳಿದು ಹುಳಿಯೊಡೆದ ವಾಸನೆ.

ರಾಧಿಕಾ ಹಾಸಿಗೆ ಝಾಡಿಸಿದಳು, ದಿಂಬಿನ ಕೆಳಗೆ ಬಾಟಲಿ ಹುಡುಕಿದಳು, ಟ್ರ್ಯಾಕ್ಟರ್ ಸೀಟನ್ನೂ ಎತ್ತಿ ನೋಡಿದಳು. ಏನೂ ಸಿಗಲಿಲ್ಲ. ಸಿಗದಿದ್ದಷ್ಟೂ ಅವಳ ಅನುಮಾನ ಗಟ್ಟಿಯಾಯಿತು, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಮೆಹರಾಜಬೇಗಂ ಮೊಬೈಲ್ ತೋರಿಸಲು ಬಂದು ಕೂತಿದ್ದರು. ಅತ್ತೆ ಗುರಮ್ಮ ಬಾಗಿಲಲ್ಲಿ ಪುಂಡಿಪಲ್ಯ ಸೋಸುತ್ತಿದ್ದಳು. ದಿಲೀಪ ನಿದ್ದೆಗಣ್ಣಿನಲ್ಲಿ ಎದ್ದು ಹೊರಬಂದದ್ದೇ ತಡ, ಅವನ ಜೊತೆ ಆ ಹುಳಿ ವಾಸನೆಯೂ ಬಂತು. ರಾಧಿಕಾಳ ಸಿಟ್ಟು ನೆತ್ತಿಗೇರಿತು.

“ಇಲ್ಲಿ ಬರ್ರಿ,” ಎಂದಳು. “ಬಾಯಿ ತಗದು ಊದ್ರಿ.”

ದಿಲೀಪ ಮೆಹರಾಜಬೇಗಂರನ್ನು ನೋಡಿದ, ತಾಯಿಯನ್ನು ನೋಡಿದ. ಗುರಮ್ಮ ತಲೆ ಎತ್ತಲಿಲ್ಲ. ಅವನು ಶಾಲೆಯ ಹುಡುಗನ ಹಾಗೆ ಹತ್ತಿರ ಬಂದು ಊದಿದ. ಬಾಯಲ್ಲಿ ನಿದ್ದೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಹುಳಿ ಇದ್ದದ್ದು ಅಂಗಿಯಲ್ಲಿ.

“ಬಾಯಿ ತೊಳಕೊಂಡೀರಿ. ಅಂಗಿ ಸುಳ್ಳು ಹೇಳಂಗಿಲ್ರಿ.”

“ನಾ ಕುಡದಿಲ್ಲ.” ಅವನು ಅಂಗಿಯ ತೋಳನ್ನು ತಾನೇ ಮೂಸಿ ನೋಡಿದ. ಮುಖ ಸಣ್ಣದಾಯಿತು. “ಕುಡದಂಗ ನೆನಪಿಲ್ಲ.”

“ನೆನಪು ಯಾವತ್ತಿತ್ತು ನಿಮಗ?”

ಮೆಹರಾಜಬೇಗಂ ಸೆರಗು ಸರಿಮಾಡಿಕೊಂಡು, ಮೊಬೈಲ್ ಅಲ್ಲೇ ಬಿಟ್ಟು ಎದ್ದುಹೋದರು. ದಿಲೀಪ ಊಟ ಮಾಡದೆ ಹೊರಟ. ಮರುದಿನ ಬೆಳಿಗ್ಗೆ ಮನೆಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಸಿಕ್ಕಿಬಿದ್ದ ಕಳ್ಳ ಮುಖ ತೋರಿಸುತ್ತಾನೆಯೇ ಎಂದುಕೊಂಡು ರಾಧಿಕಾ ಕೆಲಸಕ್ಕೆ ಕೂತಳು.

ಮಂಚದ ಕೆಳಗೆ ಜೇವರ್ಗಿಯ ಶಾಂತಕುಮಾರ ಸರ್ ಕೊಟ್ಟುಹೋದ ಹಳೆಯ ಲ್ಯಾಪ್‌ಟಾಪ್‌ಗಳಿದ್ದವು, ಇಟ್ಟಿಗೆಯಷ್ಟು ದಪ್ಪ, ಅಷ್ಟೇ ಭಾರ. ಈಗಿನವರು ಹುಟ್ಟುವ ಮೊದಲಿನವು; ಸರ್‌ಗೆ ಅವುಗಳ ಹುಚ್ಚು. “ಸ್ಕ್ರೀನಿಗಿ ಕಲೆ ಬಿದ್ದಾವ, ಅವಸರಿಲ್ಲ,” ಎಂದಿದ್ದರು. ಅವಸರವಿಲ್ಲ ಎಂದವರ ಕೆಲಸ ಯಾವಾಗಲೂ ಮಂಚದ ಕೆಳಗೇ ಹೋಗುತ್ತದೆ. ಅವತ್ತು ಬೇರೆ ಕೆಲಸವಿರಲಿಲ್ಲವೆಂದು ಒಂದನ್ನು ಎಳೆದು ಮುಚ್ಚಳ ತೆರೆದಳು.

ವಾಸನೆ ಮುಖಕ್ಕೇ ಹೊಡೆಯಿತು. ಅದೇ ಹುಳಿ.

ಸ್ಕ್ರೀನಿನ ಚೌಕಟ್ಟು ಬಿಚ್ಚಿದಳು. ಗಾಜಿಗೆ ಅಂಟಿಸಿದ ತೆಳು ಹಾಳೆ ಗುಳ್ಳೆ ಎದ್ದು, ಅಂಚಿನಲ್ಲಿ ಜಿಗುಟಾಗಿತ್ತು. ಆ ಹಾಳೆಯಿದ್ದರೇ ಅಕ್ಷರ, ಚಿತ್ರ ಕಾಣುವುದು. ಇಲ್ಲದಿದ್ದರೆ ಬರೀ ಬಿಳಿ ಬೆಳಕು. ಉಗುರಿನಿಂದ ಮೂಲೆ ಎಬ್ಬಿಸಿದಳು. ಇಡೀ ಅಂಗಡಿಯೇ ಶೇಂದಿ ಗಡಂಗಾಯಿತು. ಕಲಬುರಗಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿದಳು.

“ಹಳೇ ಫಿಲಂ ಹಂಗೇ ರೀ, ತಾನೇ ಕೊಳತು ಸಿರ್ಕಾದಂಗ ಹುಳಿ ವಾಸನಿ ಹೊಡೀತದ,” ಅಂದ ಅವನು. “ಕಿತ್ತಿ ಬಿಸಾಕ್ರಿ, ಗೋಂದು ಒರಸಿ ಹೊಸಾದು ಹಚ್ರಿ. ಬಾಜೂಕಿನ ಬಟ್ಟಿ-ಅರಬಿಗೂ ಹತ್ತತದ ನೋಡ್ರಿ ಆ ವಾಸನಿ.”

ರಾಧಿಕಾ ಫೋನ್ ಇಟ್ಟು ಮಂಚದ ಮೇಲಿನ ದಿಂಬನ್ನು ಮೂಸಿದಳು. ಹಾಗೇ ಅದರಲ್ಲಿ ಮುಖ ಹುದುಗಿಸಿ ಕೂತಳು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಗಿತ್ತು. ಇಷ್ಟು ವರ್ಷ ಬಿಚ್ಚಿ ಜೋಡಿಸಿದ್ದೇನು ಬಂತು, ಮಂಚದ ಕೆಳಗಿನದು ತಿಳಿಯಲಿಲ್ಲ, ಮಂಚದ ಮೇಲಿನವನೂ ತಿಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳಾದರೋ ಮಾತನ್ನು ಓಣಿಯವರ ಮುಂದೆಯೇ ಆಡಿದ್ದಳು.

ಅತ್ತೆಗೆ ಹೇಳಿದಳು. ಗುರಮ್ಮ, “ನಿನಗೇನಂತ ಅನ್ನಲೆವ್ವ,” ಎಂದಳು. “ನಾನೂ ನಿನ್ನ ಮಾತೇ ನಂಬಿದ್ನಿ. ಹಡದಾಕಿ ನಾ.”

ಆಮೇಲೆ ರಾಧಿಕಾ ಮೆಹರಾಜಬೇಗಂರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, “ಖಾಲಾ, ನಮ್ಮವ್ರು ಕುಡದಿದ್ದಿಲ್ರಿ,” ಎಂದಳು. ಅವರು, “ಮುಝಕೋ ಕ್ಯೂಂ ಬೋಲ್ತೀ ಬೇಟಿ, ನಂಗಲ್ಲ, ಅವಂಗ ಹೇಳು,” ಎಂದು ಒಳಗೆ ಹೋದರು.

ಸಂಜೆ ದಿಲೀಪ ಬಂದ. ತಲೆ ಬೋಳಿಸಿಕೊಂಡಿದ್ದ. ಹಣೆಗೆ ಗಂಧ, ಕೈಯಲ್ಲಿ ಒಡೆದ ತೆಂಗಿನಕಾಯಿಯ ಹೋಳು, ಇನ್ನೂ ಹಸಿಯಾಗಿದ್ದ ಟವೆಲ್ಲು. ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತ.

“ಗಾಣಗಾಪುರಕ್ಕ ಹೋಗಿದ್ದೆ,” ಎಂದ. “ತಪ್ಪಾತು ಅಂತ ಕಾಯಿ ಒಡದು ಬಂದೇನಿ. ಎಲ್ಲಿ ಕುಡದ್ನಿ, ಯಾರ ಜೋಡಿ ಕುಡದ್ನಿ, ಎಷ್ಟು ನೆನಸಿದ್ರೂ ನೆನಪಾಗವಲ್ದು. ಅಂಗ್ಯಾಗ ವಾಸನಿ ಅಂತೂ ಇತ್ತು. ಇನ್ನೊಮ್ಮಿ ಆಣಿ ಮಾಡೇನಿ.”

ರಾಧಿಕಾ ಕಿತ್ತ ಹಾಳೆಯನ್ನು ತಂದು ಅವನ ಕೈಯಲ್ಲಿಟ್ಟಳು. “ಮೂಸ್ರಿ,” ಎಂದಳು. “ಈ ವಾಸನಿ ಇದರದು. ಮಂಚದ ಕೆಳಗಿಂದ ನಿಮ್ಮ ಅಂಗಿಗಿ ಹತ್ತೇದ. ತಪ್ಪು ನಂದು.”

ದಿಲೀಪ ಮೂಸಿದ. ತನ್ನ ಅಂಗಿ ಮೂಸಿದ. ಮತ್ತೆ ಹಾಳೆ ಮೂಸಿದ. ಆಮೇಲೆ, ಅದನ್ನು ಅವಳೇ ತೀರ್ಮಾನಿಸಬೇಕು ಎಂಬಂತೆ ಅವಳ ಮುಖ ನೋಡುತ್ತ ಮೆಲ್ಲಗೆ ಕೇಳಿದ:

“ಹಂಗಾದ್ರ ನಾ ಕುಡದಿಲ್ಲೇನು?”