ಚಿಕ್ಕಮ್ಮನಿಗೊಂದು ಮನೆ

ತಾಯಿ ಎರಡನೇ ಸಲ ಗ್ಯಾಸ್ ಒಲೆ ಹಚ್ಚಿ ಮರೆತ ದಿನ ಗೈಕ್ ಸಿಮ್ ನಿರ್ಧಾರ ಮಾಡಿಬಿಟ್ಟಳು. ಎಂಬತ್ಮೂರರ ತಾಯಿ ಸ್ಯೂ ಹೋಂಗ್‌ಳನ್ನು ಇನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿಲ್ಲ. ಗೈಕ್ ಸಿಮ್ ಒಬ್ಬಳೇ ಮಗಳು. ಜೆಲುತೊಂಗ್ ಮಾರ್ಕೆಟ್ಟಿನಲ್ಲಿ ಅವಳದೂ ಗಂಡನದೂ ಕೋಳಿ ಅನ್ನದ ಅಂಗಡಿ. ಬೆಳಗಿನ ಐದಕ್ಕೆ ಹೋದರೆ ಮಧ್ಯಾಹ್ನ ಮೂರರವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಕಾರಣಗಳೆಲ್ಲ ಸರಿಯಾದವೇ. ಆದರೆ ಹೆತ್ತವಳನ್ನು ವೃದ್ಧಾಶ್ರಮಕ್ಕೆ ತಳ್ಳಿದಳಂತೆ ಎಂದು ಪೆನಾಂಗಿನ ಜನ ಆಡಿಕೊಳ್ಳಲು ಎಷ್ಟು ಹೊತ್ತು? ಹೋದ ವರ್ಷ ಮೀನಂಗಡಿಯವನು ಅಪ್ಪನನ್ನು ಬಿಟ್ಟುಬಂದಾಗ ಹಾಗೆ ಆಡಿಕೊಂಡವರಲ್ಲಿ ಇವಳ ನಾಲಿಗೆಯೇ ಎಲ್ಲರಿಗಿಂತ ಉದ್ದವಿತ್ತು.

ಅಂಗಡಿ ಮುಚ್ಚಿದ ಮೇಲೆ ಆಶ್ರಮಗಳನ್ನು ನೋಡಲು ಹೊರಟಳು. ಮೊದಲನೆಯದು ಗ್ರೀನ್ ಲೇನ್ ಕಡೆ. ಬಾಗಿಲಲ್ಲಿದ್ದ ಹೆಂಗಸು, "ಯಾರಿಗಮ್ಮಾ ನೋಡ್ತಿರೋದು?" ಎಂದಳು.

"ಚಿಕ್ಕಮ್ಮಂಗೆ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗೈಕ್ ಸಿಮ್ ಹುಟ್ಟಿದಾಗ ಜಾತಕ ನೋಡಿದವನು, ಈ ಕೂಸಿನ ಗಳಿಗೆ ತಾಯಿಗೆ ಆಗಿಬರುವುದಿಲ್ಲ, ಬಾಯ್ತುಂಬ ಅಮ್ಮ ಎಂದು ಕರೆದರೆ ತಾಯಿಯ ಆಯಸ್ಸು ಕರಗುತ್ತದೆ ಎಂದಿದ್ದ. ಅಂಥ ಮಕ್ಕಳು ಪೆನಾಂಗಿನ ಚೀನೀಯರಲ್ಲಿ ಬೀದಿಗೆ ಒಬ್ಬರಾದರೂ ಸಿಗುತ್ತಾರೆ. ಹೆತ್ತವರನ್ನೇ ಚಿಕ್ಕಮ್ಮ, ಚಿಕ್ಕಪ್ಪ ಎಂದು ಕರೆದುಕೊಂಡು ಬೆಳೆಯುತ್ತಾರೆ. ಐವತ್ನಾಲ್ಕು ವರ್ಷದಿಂದ ಇವಳ ಬಾಯಿಗೆ ಬಂದದ್ದು ಅದೊಂದೇ ಪದ.

ಆ ಹೆಂಗಸಿನ ಮುಖ ಮಾತ್ರ ಅರಳಿಬಿಟ್ಟಿತು. "ಚಿಕ್ಕಮ್ಮನಿಗೋಸ್ಕರ ಇಷ್ಟು ಓಡಾಡ್ತಿದ್ದೀರಾ! ಈ ಕಾಲದಲ್ಲಿ ಹೆತ್ತ ಮಕ್ಕಳೇ ಬರಲ್ಲ. ಅವರಿಗೆ ಮಕ್ಕಳಿಲ್ವಾ?"

ಅದು ಹಾಗಲ್ಲ, ನಾನೇ ಮಗಳು ಎನ್ನಲು ಒಂದು ಗಳಿಗೆ ಸಾಕಿತ್ತು. ಗೈಕ್ ಸಿಮ್, "ಇಲ್ಲ" ಎಂದಳು. ಎಂದಮೇಲೆ ಕಿವಿ ಬಿಸಿಯಾಯಿತು. ಎದೆ ಹಗುರವೂ ಆಯಿತು, ಅದನ್ನು ಮುಚ್ಚಿಡುವುದೇಕೆ?

ಅಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಮುದುಕರನ್ನು ಬಟ್ಟೆಯ ಪಟ್ಟಿಯಿಂದ ಕುರ್ಚಿಗೆ ಕಟ್ಟಿದ್ದರು. ಬೀಳಬಾರದೆಂದು ಅಂತೆ. ಬೇಡವೆಂದುಕೊಂಡು ಹೊರಗೆ ಬಂದಳು.

ಎರಡನೆಯದು ಆಯರ್ ಈತಮ್‌ನಲ್ಲಿ. ಹೂದೋಟ, ಮೆತ್ತನೆಯ ಹಾಸಿಗೆ, ಎಲ್ಲ ಭರ್ಜರಿ. ಅಲ್ಲಿ ಯಾರೂ ಕೇಳುವ ಮೊದಲೇ, "ನಮ್ಮ ಚಿಕ್ಕಮ್ಮ, ಪಾಪ, ಮಕ್ಕಳಿಲ್ಲ" ಎಂದು ತಾನೇ ಶುರುಮಾಡಿದಳು. ಒಂದು ಸಲ ಜಾರಿದ ನಾಲಿಗೆಗೆ ಎರಡನೇ ಸಲ ದಾರಿ ಹೇಳಿಕೊಡಬೇಕೆ? ಆಮೇಲೆ ನೇರ ಅಡುಗೆಮನೆಗೆ ನುಗ್ಗಿದಳು. ಅನ್ನ ಬೇಯಿಸಿ ಬದುಕುವವಳು ಹಾಸಿಗೆ ಮುಟ್ಟಿ ಮೋಸಹೋಗುತ್ತಾಳೆಯೆ? ಪಾತ್ರೆಯಿಂದ ಒಂದಗುಳು ತೆಗೆದು ಬಾಯಿಗಿಟ್ಟಳು. ನಿನ್ನೆಯ ಅನ್ನ, ಹುಳಿಯಾಗಿತ್ತು.

ಮೂರನೆಯದು ಪುಲಾವ್ ತಿಕುಸ್‌ನ ಹಳೆಯ ಬಂಗಲೆ. ಗೋಡೆಯ ಬಣ್ಣ ಎದ್ದಿತ್ತು, ನೋವಿನೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಆದರೆ ಒಳಗೆ ಒಬ್ಬಳು ಕೆಲಸದವಳು ಬೇಯಿಸಿದ ಮೀನನ್ನು ಮುಂದಿಟ್ಟುಕೊಂಡು, ಬೆರಳಿನಿಂದ ತಡವಿ ತಡವಿ ಒಂದೊಂದೇ ಮುಳ್ಳು ತೆಗೆದಿಟ್ಟು, ಬರಿಯ ಮಾಂಸವನ್ನು ಗಂಜಿಗೆ ಹಾಕುತ್ತಿದ್ದಳು. ಮುದುಕಿಯರ ಉಗುರುಗಳನ್ನೆಲ್ಲ ಯಾರೋ ನೀಟಾಗಿ ಕತ್ತರಿಸಿದ್ದರು. ಗೈಕ್ ಸಿಮ್‌ಳ ಕಣ್ಣಲ್ಲಿ ನೀರು ಬಂತು. ಇದೇ ಸೈ ಎಂದುಕೊಂಡಳು.

ಆಶ್ರಮದ ಒಡತಿ ಮೇಡಂ ಓಯಿ ಅರ್ಜಿ ತುಂಬಿಸಿದಳು. ಸಂಬಂಧ: ಅಕ್ಕನ ಮಗಳು. ಮಕ್ಕಳು: ಇಲ್ಲ. "ಹಾಗಾದ್ರೆ ಇನ್ನೊಂದು ರುಜು ಬೇಕಮ್ಮ," ಎಂದು ಬೇರೆ ಕಾಗದ ಮುಂದಿಟ್ಟಳು. "ಮಕ್ಕಳಿಲ್ಲದವರು ಹೋಗ್ಬಿಟ್ರೆ ಕಾರ್ಯ ನಮ್ಮ ದೇವಸ್ಥಾನದ ಸಂಘದವರೇ ಮಾಡೋದು. ಶವದ ಪೆಟ್ಟಿಗೆ ಹಿಂದೆ ಊದುಬತ್ತಿ ಹಿಡ್ಕೊಂಡು ನಡೆಯೋಕೂ ಅವರೇ. ನೀವೇನೂ ಯೋಚ್ನೆ ಮಾಡ್ಬೇಡಿ."

ಹೆತ್ತ ಮಗಳು ಬದುಕಿರುವಾಗ ಯಾರೋ ಅಪರಿಚಿತರು ಊದುಬತ್ತಿ ಹಿಡಿಯುವುದು. ಗೈಕ್ ಸಿಮ್‌ಗೆ ಬಿಸಿ ತುಪ್ಪ ಗಂಟಲಲ್ಲಿ ನಿಂತಂತಾಯಿತು. ಈಗ ನಿಜ ಹೇಳಿದರೆ ಸುಳ್ಳಿಯಾಗುತ್ತಾಳೆ, ಸುಮ್ಮನಿದ್ದರೆ ಪಾಪಿ. ಪೆನ್ನು ತಗೊಂಡು ರುಜು ಹಾಕಿದಳು.

ಭಾನುವಾರ ತಾಯಿಯನ್ನು ಕರೆತಂದಳು. ಮುದುಕಿಗೆ ಅಂದು ತಲೆ ನಿಚ್ಚಳವಾಗಿತ್ತು. ದಾರಿಯುದ್ದಕ್ಕೂ, ನಿನ್ನ ಕಾರಿನ ಸೀಟಿಗೂ ಕೋಳಿ ವಾಸನೆ ಕಣೆ ಎಂದು ತಮಾಷೆ ಮಾಡಿದ್ದಳು. ಗೈಕ್ ಸಿಮ್ ಮಾತ್ರ ಅರ್ಜಿಯ ಸಂಗತಿ ಬಾಯಿಬಿಟ್ಟಿರಲಿಲ್ಲ.

ಮೇಡಂ ಓಯಿ ಮುದುಕಿಯ ಕೈ ಹಿಡಿದು, "ಪುಣ್ಯವಂತೆ ನೀವು. ಅಕ್ಕನ ಮಗಳು ಅಂದ್ರೆ ಹೀಗಿರ್ಬೇಕು. ಸ್ವಂತ ಮಗಳಿದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ," ಎಂದಳು.

ಮುದುಕಿ ತಿರುಗಿ ಮಗಳ ಮುಖ ನೋಡಿದಳು. ಗೈಕ್ ಸಿಮ್ ನೆಲ ನೋಡಿದಳು. ಆ ನೆಲ ಬಾಯ್ತೆರೆದಿದ್ದರೆ ಒಳಗಿಳಿದುಬಿಡುತ್ತಿದ್ದಳು.

"ಹೌದಮ್ಮ," ಎಂದಳು ಸ್ಯೂ ಹೋಂಗ್, ನಿಧಾನವಾಗಿ. "ನಂಗೆ ಮಕ್ಕಳಿಲ್ಲ. ಇವಳು ಅಕ್ಕನ ಮಗಳು. ಇವಳಿಗೇನು ಹಣೆಬರಹ ನನ್ನ ನೋಡ್ಕೊಳ್ಳೋಕೆ? ಆದ್ರೂ ನೋಡ್ಕೊಂಡ್ಳು."

ಇಷ್ಟನ್ನು ಗೈಕ್ ಸಿಮ್ ತಡೆಯಲಾರದೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. "ಸುಳ್ಳು ಮೇಡಂ!" ಎಂದಳು, ಅಲ್ಲಿದ್ದ ಮುದುಕಿಯರೆಲ್ಲ ತಿರುಗುವಂತೆ. "ನಾನು ಮಗಳು. ಹೆತ್ತ ಮಗಳು. ನಾಚಿಕೆಗೆ ಹಾಗೆ ಬರೆಸಿದೆ. ಆ ಊದುಬತ್ತಿ ಕಾಗದ ಹರಿದುಹಾಕಿ, ನಾನೇ ಹಿಡೀತೀನಿ."

ಮೇಡಂ ಓಯಿ ಇಬ್ಬರನ್ನೂ ನೋಡಿದಳು. "ಇದೇನಿದು? ಯಾರ ಮಾತು ನಿಜ?"

"ಅಳ್ತಾ ಇದಾಳೆ, ಬಿಟ್ಟುಹೋಗೋ ಸಂಕಟಕ್ಕೆ ಏನೋ ಅಂತಾಳೆ," ಎಂದಳು ಮುದುಕಿ. "ಅವಳು ಮಗಳಾಗಿದ್ರೆ ಅಮ್ಮ ಅಂತಿದ್ಲು. ಎಲ್ಲಿ, ನನ್ನ ಏನಂತ ಕರೀತೀಯೋ ಕರಿ ನೋಡೋಣ. ಮೇಡಂ ಕೇಳಿಸ್ಕೊಳ್ಳಿ."

ಅವಳ ಕಣ್ಣು ಮಗಳ ಕಣ್ಣಲ್ಲೇ ನೆಟ್ಟಿತ್ತು. ಗೈಕ್ ಸಿಮ್ ಬಾಯಿ ತೆರೆದಳು. ಆ ಎರಡಕ್ಷರ ನಾಲಿಗೆಯ ತುದಿಗೆ ಬಂತು. ಎದುರಿಗೆ ತಾಯಿಯ ಸವೆದ ಮೈ, ಕೊಕ್ಕೆ ಬೆರಳುಗಳು, ಏರಿಳಿಯುತ್ತಿದ್ದ ಎದೆ. ಅಂದುಬಿಟ್ಟರೆ ಈ ಉಸಿರಿಗೆ ಏನಾದರೂ ಆದರೆ? ನಂಬಿಕೆಯೋ ಮೂಢತನವೋ, ಅದನ್ನು ಪರೀಕ್ಷೆ ಮಾಡುವ ಎದೆಗಾರಿಕೆ ಅವಳಿಗಿರಲಿಲ್ಲ.

"ಚಿಕ್ಕಮ್ಮ," ಎಂದಳು.

"ನೋಡಿದ್ರಾ?" ಎಂದಳು ಸ್ಯೂ ಹೋಂಗ್. ಮಗಳ ಕೆನ್ನೆ ಒರೆಸಿ, ಮೇಡಂ ಓಯಿಯ ಕಡೆ ತಿರುಗಿ, "ನನ್ನ ಹಾಸಿಗೆ ಯಾವುದಮ್ಮಾ?" ಎಂದು ಕೇಳಿದಳು.